ಹೊಟ್ಟೆಯೊಳಗಿನ ಮಾರ್ದನಿ: ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಅರ್ಥ ಮಾಡಿಕೊಳ್ಳುವ ದಾರಿ

ಅಮ್ಮನಿಗೆ ಬಲ ಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ಡಾಕ್ಟರು ಹೊಟ್ಟೆಯ ಸ್ಕ್ಯಾನಿಂಗ್ ಬರೆದುಕೊಟ್ಟರು. ಮಂಡ್ಯದಿಂದ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋದೆವು. ಹೊರಡುವ ಮುಂಚೆ ಅಮ್ಮ ಎರಡು ಇಡ್ಲಿ ತಿಂದು, ಒಂದು ಲೋಟ ಕಾಫಿ ಕುಡಿದಿದ್ದರು. ಸೆಂಟರಿನ ಡಾಕ್ಟರು ಎರಡೇ ನಿಮಿಷ ನೋಡಿ, "ಪಿತ್ತಕೋಶ ಮುದುಡಿಕೊಂಡಿದೆ, ಗ್ಯಾಸ್ ಬೇರೆ ಜಾಸ್ತಿ ಇದೆ, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಅಂದರು. ಫೋನಿನಲ್ಲಿ ಟೈಮ್ ಕೊಟ್ಟವರು ತಿಂಡಿಯ ಮಾತೇ ಎತ್ತಿರಲಿಲ್ಲ. ನೋವಿದ್ದ ಹೆಂಗಸು ಸುಮ್ನೆ ತೊಂಬತ್ತು ಕಿಲೋಮೀಟರ್ ಓಡಾಡಿದ ಹಾಗಾಯಿತು.

ವಾಪಸ್ ಬರುವಾಗ ರೈಲಿನಲ್ಲಿ ಅಮ್ಮ ಕೇಳಿದರು: "ಕೈ ಮುರಿದಾಗ ಎಕ್ಸರೇ ತೆಗೆದರು, ಆಗ ಹೀಗೆಲ್ಲ ಹೇಳಲಿಲ್ಲ. ತಿಂದರೆ ಇದರಲ್ಲಿ ಮಾತ್ರ ಯಾಕೆ ಫೋಟೋ ಬರಲ್ಲ?"

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವನು. ಅಲೆಗಳ ಪಾಠ ಪ್ರತಿ ವರ್ಷ ಮಾಡುತ್ತೇನೆ. ಆದರೂ ಈ ಪ್ರಶ್ನೆಗೆ ನ್ಯಾಯವಾದ ಉತ್ತರ ಕೊಡಬೇಕಾದರೆ ಮೊದಲಿನಿಂದ ಬರಬೇಕು. ಶ್ರೀರಂಗಪಟ್ಟಣದ ಹತ್ತಿರ ಶುರು ಮಾಡಿದೆ, ಮಂಡ್ಯ ಬಂದರೂ ಮುಗಿಯಲಿಲ್ಲ. ಆ ಮಾತುಕತೆಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಸ್ಟಾಪ್‌ವಾಚ್ ಇರುವ ಮೊಬೈಲು, ಒಂದು ಬಕೆಟ್ ನೀರು, ಗ್ಯಾಸ್ ಲೈಟರ್, ಕ್ಯಾಲ್ಕ್ಯುಲೇಟರ್ ಸಾಕು. ಮನೆಯಲ್ಲಿ ಹಳೇ ಸ್ಕ್ಯಾನಿಂಗ್ ಫಿಲಂ ಇದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ. ಇದು ಕಾಯಿಲೆ ಗುರುತಿಸುವ ಪಾಠವಲ್ಲ, ಅದು ಡಾಕ್ಟರ ಕೆಲಸ. ಆ ಕಪ್ಪು ಬಿಳುಪು ಚಿತ್ರ ಎಲ್ಲಿಂದ ಬಂತು ಅನ್ನುವುದಷ್ಟೇ ನಮ್ಮ ವಿಷಯ.

ಹೆಜ್ಜೆ 1: ಚಪ್ಪಾಳೆ ತಟ್ಟಿ ಧ್ವನಿಯ ವೇಗ ಅಳೆಯಿರಿ

ಎದುರಿಗೆ ಎತ್ತರದ, ಉದ್ದನೆಯ ಗೋಡೆ ಇರುವ ಮೈದಾನಕ್ಕೆ ಹೋಗಿ. ಶಾಲೆ, ಕಾಲೇಜಿನ ಮೈದಾನ ಚೆನ್ನ. ಬೆಳಗಿನ ಜಾವ ಸದ್ದು ಕಡಿಮೆ ಇರುವಾಗ ಹೋದರೆ ಇನ್ನೂ ಒಳ್ಳೆಯದು. ಗೋಡೆಯಿಂದ 50 ಮೀಟರ್ ಅಳೆದು ನಿಲ್ಲಿ. ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸ್ವಲ್ಪ ತಡೆದು ಗೋಡೆಯಿಂದ ಮಾರ್ದನಿ ಬರುತ್ತದೆ.

ಈಗ ತಾಳ ಹಾಕುವ ಹಾಗೆ ಒಂದೇ ಸಮನೆ ತಟ್ಟುತ್ತಾ ಹೋಗಿ. ಮಾರ್ದನಿ ಎರಡು ಚಪ್ಪಾಳೆಗಳ ನಟ್ಟ ನಡುವೆ ಬೀಳಬೇಕು. ಚಪ್ಪಾಳೆ, ಮಾರ್ದನಿ, ಚಪ್ಪಾಳೆ, ಮಾರ್ದನಿ. ಈ ಲಯ ಹಿಡಿಯಲು ಐದಾರು ಸಲ ಪ್ರಯತ್ನಿಸಬೇಕಾಗಬಹುದು. ಹಿಡಿದ ಮೇಲೆ ಜೊತೆಯವರಿಗೆ ಸ್ಟಾಪ್‌ವಾಚ್ ಒತ್ತಲು ಹೇಳಿ. ಮೊದಲ ಚಪ್ಪಾಳೆಗೆ ಸೊನ್ನೆ ಎಂದು ಎಣಿಸಿ, 20 ಆದಾಗ ನಿಲ್ಲಿಸಿ.

ಲೆಕ್ಕ ಹೀಗೆ. ಧ್ವನಿ ಗೋಡೆಗೆ ಹೋಗಿ ಬರುವುದು 100 ಮೀಟರ್. ಅದು ಎರಡು ಚಪ್ಪಾಳೆಗಳ ನಡುವಿನ ಸಮಯದ ಅರ್ಧ. ಪೂರ್ತಿ ಸಮಯಕ್ಕೆ 200 ಮೀಟರ್, 20 ಸಲಕ್ಕೆ 4000 ಮೀಟರ್. ನಿಮಗೆ 11.6 ಸೆಕೆಂಡ್ ಬಂದಿದ್ದರೆ 4000 ಅನ್ನು 11.6ರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 345 ಮೀಟರ್. ನಮ್ಮ ಊರಿನ ಸೆಕೆಯಲ್ಲಿ ಗಾಳಿಯಲ್ಲಿ ಧ್ವನಿಯ ವೇಗ ಹೆಚ್ಚು ಕಡಿಮೆ ಇಷ್ಟೇ.

ಇದನ್ನು ತಿರುವಿ ಹಾಕಿ. ವೇಗ ಮೊದಲೇ ಗೊತ್ತಿದ್ದರೆ, ಮಾರ್ದನಿ ಬರಲು ಹಿಡಿದ ಸಮಯದಿಂದ ಗೋಡೆ ಎಷ್ಟು ದೂರ ಎಂದು ಹೇಳಬಹುದು.

ದೂರ = ವೇಗ × ಸಮಯ ÷ 2

ಹೋಗಿ ಬಂದ ದಾರಿಯಾದ್ದರಿಂದ ಎರಡರಿಂದ ಭಾಗಿಸುತ್ತೇವೆ. ಈ ಸಾಲನ್ನು ಗೋಡೆಯ ಮೇಲೆ ಬರೆದುಕೊಂಡರೂ ತಪ್ಪಿಲ್ಲ. ಲಕ್ಷಾಂತರ ರೂಪಾಯಿಯ ಸ್ಕ್ಯಾನಿಂಗ್ ಮಷೀನಿನ ಜೀವ ಇದರಲ್ಲೇ ಇದೆ. ಅದರಲ್ಲಿ ಕ್ಯಾಮೆರಾ ಇಲ್ಲ. ಧ್ವನಿ ಕಳಿಸುತ್ತದೆ, ಮಾರ್ದನಿಗೆ ಕಾಯುತ್ತದೆ, ಸಮಯ ಎಣಿಸುತ್ತದೆ.

ಬಾವಲಿಗಳು ಇದನ್ನು ನಮಗಿಂತ ಎಷ್ಟೋ ಮೊದಲು ಕಲಿತವು. ಆದರೆ ರಂಗನತಿಟ್ಟಿನ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಹಣ್ಣುಬಾಕ ಬಾವಲಿಗಳು ಕಣ್ಣು ಮತ್ತು ಮೂಗನ್ನು ನಂಬಿ ಬದುಕುತ್ತವೆ. ಮಾರ್ದನಿಯಿಂದ ದಾರಿ ಹುಡುಕುವುದು ಹಳೇ ಗುಡಿಗಳ ಕತ್ತಲಲ್ಲಿ ಪಟಪಟ ಹಾರುವ, ಹುಳ ತಿನ್ನುವ ಚಿಕ್ಕ ಬಾವಲಿಗಳು.

ಹೆಜ್ಜೆ 2: ಧ್ವನಿ ಯಾವುದರೊಳಗೆ ಹೋಗುತ್ತಿದೆ ನೋಡಿ

ದಸರೆಯಲ್ಲಿ ಜಂಬೂ ಸವಾರಿ ನೋಡಲು ಸಯ್ಯಾಜಿರಾವ್ ರಸ್ತೆಯ ಜನಜಂಗುಳಿಯಲ್ಲಿ ನಿಂತವರಿಗೆ ಇದು ಗೊತ್ತು. ಹಿಂದಿನಿಂದ ಯಾರೋ ತಳ್ಳುತ್ತಾರೆ. ಆ ತಳ್ಳು ಒಬ್ಬರಿಂದ ಒಬ್ಬರಿಗೆ ದಾಟಿ ಮುಂದಿನ ಹಗ್ಗದವರೆಗೆ ಹೋಗುತ್ತದೆ. ಜನ ನಿಂತಲ್ಲೇ ಇರುತ್ತಾರೆ, ತಳ್ಳು ಮಾತ್ರ ಸಾಗುತ್ತದೆ. ಧ್ವನಿ ಅಂದರೆ ಹೀಗೆ ಕಣದಿಂದ ಕಣಕ್ಕೆ ದಾಟುವ ತಳ್ಳು ಮತ್ತು ಎಳೆತ. ದಾಟಿಸಲು ಕಣಗಳು ಬೇಕೇ ಬೇಕು.

ಬಕೆಟ್ಟಿಗೆ ನೀರು ತುಂಬಿ. ಕಿವಿಯನ್ನು ಬಕೆಟ್ಟಿನ ಹೊರಗಿನಿಂದ ಒತ್ತಿ ಹಿಡಿದು, ನೀರೊಳಗೆ ಎರಡು ಚಮಚ ತಾಗಿಸಿ. ಆಮೇಲೆ ಕಿವಿ ತೆಗೆದು ಇನ್ನೊಮ್ಮೆ ತಾಗಿಸಿ. ಎಷ್ಟು ವ್ಯತ್ಯಾಸ ಅಲ್ವಾ? ನೀರಿನಲ್ಲಿ ಹುಟ್ಟಿದ ಸದ್ದು ನೀರಿನಲ್ಲಿ ಚೆನ್ನಾಗಿ ಓಡುತ್ತದೆ, ಗಾಳಿಗೆ ದಾಟಲು ಒದ್ದಾಡುತ್ತದೆ. ಮಕ್ಕಳು ಇದನ್ನು ನಾಲೆಯಲ್ಲಿ ಮುಳುಗಿ ಮಾಡಿ ನೋಡುತ್ತೇವೆ ಅನ್ನುತ್ತಾರೆ. ಬೇಡ. ವಿಶ್ವೇಶ್ವರಯ್ಯ ನಾಲೆಯ ಸೆಳೆತ ಮೇಲೆ ನಿಂತವರ ಕಣ್ಣಿಗೆ ಕಾಣುವುದಿಲ್ಲ. ಬಕೆಟ್ಟೇ ಸಾಕು.

ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1480 ಮೀಟರ್ ಓಡುತ್ತದೆ. ಕೊಬ್ಬಿನಲ್ಲಿ 1450ರ ಆಸುಪಾಸು. ಲಿವರ್, ಸ್ನಾಯು, ರಕ್ತದಲ್ಲಿ 1550ರಿಂದ 1580ರವರೆಗೆ. ಮೂಳೆಯಲ್ಲಿ 3000ಕ್ಕೂ ಜಾಸ್ತಿ. ವಸ್ತು ಒತ್ತಡಕ್ಕೆ ಬಗ್ಗದೆ ಬಿಗಿಯಾಗಿದ್ದಷ್ಟೂ ತಳ್ಳು ಬೇಗ ದಾಟುತ್ತದೆ. ಮೂಳೆ ಬಿಟ್ಟರೆ ಉಳಿದ ಅಂಗಗಳ ವೇಗ ಹತ್ತಿರ ಹತ್ತಿರ ಇವೆ. ಹಾಗಾಗಿ ಎಲ್ಲಾ ಮಷೀನುಗಳೂ ಒಂದೇ ಸರಾಸರಿ ಇಟ್ಟುಕೊಂಡಿವೆ: ಸೆಕೆಂಡಿಗೆ 1540 ಮೀಟರ್. ಈ ಸಂಖ್ಯೆ ಮುಂದೆ ಮತ್ತೆ ಮತ್ತೆ ಬರುತ್ತದೆ.

ಹೆಜ್ಜೆ 3: ಅಲೆಯ ಉದ್ದ ಲೆಕ್ಕ ಹಾಕಿ

ನಮ್ಮ ಕಿವಿಗೆ ಕೇಳುವುದು 20ರಿಂದ 20,000 ಹರ್ಟ್ಸ್‌ವರೆಗೆ. ಅಂದರೆ ಸೆಕೆಂಡಿಗೆ ಅಷ್ಟು ಸಲ ಅದುರುವ ಸದ್ದು. ವಯಸ್ಸಾದಂತೆ ಮೇಲಿನ ತುದಿ ಕುಗ್ಗುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿಕೊಂಡವರಿಗೆ ನೆನಪಿರಬಹುದು, ಹೆಡ್‌ಫೋನ್ ಹಾಕಿ ಕೂರಿಸಿ ಸಣ್ಣ ಸಣ್ಣ ಸ್ವರ ಕೇಳಿಸುತ್ತಾರೆ. ಸಾಮಾನ್ಯವಾಗಿ ಆ ಪರೀಕ್ಷೆ 250ರಿಂದ 8000 ಹರ್ಟ್ಸ್ ಒಳಗೇ ನಡೆಯುತ್ತದೆ, ಮಾತು ಅರ್ಥವಾಗಲು ಅಷ್ಟು ಸಾಕು.

20,000ಕ್ಕಿಂತ ಮೇಲಿನದು ಅಲ್ಟ್ರಾಸೌಂಡ್. ಆಸ್ಪತ್ರೆಯಲ್ಲಿ ಬಳಸುವುದು ಇನ್ನೂ ಎಷ್ಟೋ ಮೇಲೆ, ಸಾಮಾನ್ಯವಾಗಿ 2ರಿಂದ 15 ಮೆಗಾಹರ್ಟ್ಸ್. ಒಂದು ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಸಲ.

ಕೇಳುವ ಧ್ವನಿಯನ್ನೇ ಯಾಕೆ ಬಳಸಬಾರದು? ಕ್ಯಾಲ್ಕ್ಯುಲೇಟರ್ ತಗೊಳ್ಳಿ. ಅಲೆಯ ಉದ್ದ ಬೇಕಾದರೆ ವೇಗವನ್ನು ಹರ್ಟ್ಸ್‌ನಿಂದ ಭಾಗಿಸಬೇಕು. 1000 ಹರ್ಟ್ಸ್ ಆದರೆ 1540 ÷ 1000, ಅಂದರೆ 1.54 ಮೀಟರ್. ಒಂದೇ ಅಲೆ ಆಳುದ್ದ! ಅದಕ್ಕೆ ಪಿತ್ತಕೋಶದ ಕಲ್ಲು ಲೆಕ್ಕಕ್ಕೇ ಇಲ್ಲ. ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನೋಡಿ. ಗಾಳಿಗೆ ಎದ್ದ ಅಗಲವಾದ ಅಲೆ ನೀರಲ್ಲಿ ನಿಂತ ಜೊಂಡಿನ ಕಡ್ಡಿಯನ್ನು ದಾಟಿ ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಅದೇ ಅಲೆ ದಡದ ಕಲ್ಲುಗೋಡೆಗೆ ಬಡಿದರೆ ತಿರುಗಿ ಬರುತ್ತದೆ. ತನ್ನ ಉದ್ದಕ್ಕಿಂತ ತೀರಾ ಚಿಕ್ಕ ವಸ್ತುವಿನಿಂದ ಅಲೆ ಸರಿಯಾದ ಸುದ್ದಿ ತರಲಾರದು.

ಈಗ 3.5 ಮೆಗಾಹರ್ಟ್ಸ್ ಹಾಕಿ. 0.44 ಮಿಲಿಮೀಟರ್ ಬರುತ್ತದೆ. 10 ಮೆಗಾಹರ್ಟ್ಸ್‌ಗೆ 0.154 ಮಿಲಿಮೀಟರ್. ರಾಗಿ ಕಾಳಿಗಿಂತ ಚಿಕ್ಕದು.

ಹೆಜ್ಜೆ 4: ಆಳ ಬೇಕಾ, ಬಿಡಿಬಿಡಿಯಾಗಿ ಕಾಣಬೇಕಾ?

ಹಾಗಾದರೆ ಯಾವಾಗಲೂ ಅತಿ ಹೆಚ್ಚು ಮೆಗಾಹರ್ಟ್ಸ್ ಹಾಕಿಬಿಟ್ಟರಾಯಿತು ಅನಿಸುತ್ತದೆ, ಅಲ್ವಾ? ಆಗುವುದಿಲ್ಲ. ಪಕ್ಕದ ಊರಿನ ಮಾರಿಹಬ್ಬದ ಸೌಂಡು ರಾತ್ರಿ ನಮ್ಮ ಮನೆಗೆ ಹೇಗೆ ಕೇಳುತ್ತದೆ ನೆನಪು ಮಾಡಿಕೊಳ್ಳಿ. ಬರೀ ಧಂ ಧಂ ಅನ್ನುವ ಕೆಳಸ್ವರ ಮಾತ್ರ. ಹಾಡುವವರ ಸಣ್ಣ ಗಂಟಲು ದಾರಿಯಲ್ಲೇ ಕರಗಿಹೋಗಿರುತ್ತದೆ. ಮೈಯೊಳಗೂ ಹಾಗೆಯೇ. ಬೇಗ ಬೇಗ ಅದುರುವ ಧ್ವನಿ ಬೇಗ ಸೋಲುತ್ತದೆ, ಅದರ ಶಕ್ತಿ ದಾರಿಯಲ್ಲೇ ಸಣ್ಣ ಬಿಸಿಯಾಗಿ ಇಂಗುತ್ತದೆ, ಚದುರುತ್ತದೆ.

ಇದಕ್ಕೊಂದು ಒರಟು ಲೆಕ್ಕ ಇದೆ. ಪ್ರತಿ ಸೆಂಟಿಮೀಟರಿಗೆ, ಪ್ರತಿ ಮೆಗಾಹರ್ಟ್ಸ್‌ಗೆ, ಸುಮಾರು 0.5 ಡೆಸಿಬೆಲ್ ಕಳೆಯುತ್ತದೆ. 3 ಡೆಸಿಬೆಲ್ ಕಳೆದರೆ ಶಕ್ತಿ ಅರ್ಧ ಆಯಿತು ಎಂದು ಅರ್ಥ. 10 ಕಳೆದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು.

10 ಸೆಂಟಿಮೀಟರ್ ಆಳದ ಅಂಗಕ್ಕೆ 3.5 ಮೆಗಾಹರ್ಟ್ಸ್ ಕಳಿಸಿದರೆ ಹೋಗುವಾಗ 17.5, ಬರುವಾಗ 17.5, ಒಟ್ಟು 35 ಡೆಸಿಬೆಲ್ ಕಳೆಯುತ್ತದೆ. ಅಂದರೆ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಅದನ್ನು ಮಷೀನು ಹಿಡಿಯಬಲ್ಲದು. ಅದೇ ಆಳಕ್ಕೆ 10 ಮೆಗಾಹರ್ಟ್ಸ್ ಕಳಿಸಿದರೆ ಒಟ್ಟು 100 ಡೆಸಿಬೆಲ್. ಅಂದರೆ ಸಾವಿರ ಕೋಟಿಯಲ್ಲಿ ಒಂದು ಪಾಲು! ಅಷ್ಟು ಕ್ಷೀಣವಾದದ್ದು ಯಂತ್ರದ್ದೇ ಗುಂಯ್‌ಗುಡುವ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಆದ್ದರಿಂದ ಲಿವರ್, ಕಿಡ್ನಿ, ಗರ್ಭದ ಸ್ಕ್ಯಾನಿಂಗ್‌ಗೆ 2ರಿಂದ 5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್ (ಮೈಮೇಲೆ ಒತ್ತಿ ಹಿಡಿಯುವ, ಧ್ವನಿ ಕಳಿಸಿ ಕೇಳುವ ಸಾಧನ). ಥೈರಾಯ್ಡ್, ಸ್ತನ, ಕುತ್ತಿಗೆಯ ರಕ್ತನಾಳಗಳಂಥ ಚರ್ಮದ ಹತ್ತಿರದವಕ್ಕೆ 7ರಿಂದ 15ರ ನೇರ ಪ್ರೋಬ್. ನಡುವೆ ಡಾಕ್ಟರು ಪ್ರೋಬ್ ಬದಲಿಸಿದರೆ ಗಾಬರಿಯಾಗಬೇಡಿ, ಕಾರಣ ಇದೇ.

ಆಳದಿಂದ ಬಂದ ಮಾರ್ದನಿ ಕ್ಷೀಣ, ಹತ್ತಿರದ್ದು ಜೋರು. ಹಾಗೇ ತೋರಿಸಿದರೆ ಚಿತ್ರದ ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕತ್ತಲು ಆಗುತ್ತದೆ. ಅದಕ್ಕೆ ಮಷೀನು ತಡವಾಗಿ ಬಂದ ಮಾರ್ದನಿಯನ್ನು ಅಷ್ಟಷ್ಟೇ ಜಾಸ್ತಿ ಹಿಗ್ಗಿಸುತ್ತದೆ. ಇದನ್ನು ಟಿಜಿಸಿ ಅನ್ನುತ್ತಾರೆ. ಮಷೀನಿನ ಮೇಲೆ ಒಂದರ ಕೆಳಗೆ ಒಂದು ಸಾಲಾಗಿ ಏಳೆಂಟು ಸರಿಯುವ ಗುಂಡಿಗಳಿರುತ್ತವಲ್ಲ, ಅವು ಇದಕ್ಕೇ.

ಹೆಜ್ಜೆ 5: ಜೆಲ್ ಯಾಕೆ, ಖಾಲಿ ಹೊಟ್ಟೆ ಯಾಕೆ

ಇದೇ ಅಮ್ಮನ ಪ್ರಶ್ನೆ. ನಿಧಾನವಾಗಿ ಓದಿ.

ಬಚ್ಚಲಿನ ಕಿಟಕಿಗೆ ಮಸುಕು ಗಾಜು ಇದೆಯಾ? ಅದರ ತರಿತರಿಯಾದ ಮುಖದ ಮೇಲೆ ಒದ್ದೆ ಬೆರಳಿನಿಂದ ನೀರು ಸವರಿ. ಅಷ್ಟು ಜಾಗದಲ್ಲಿ ಆಚೆ ಇರುವುದು ತಟ್ಟನೆ ಕಾಣುತ್ತದೆ. ತರಿಗಳ ನಡುವೆ ಇದ್ದ ಗಾಳಿ ಬೆಳಕನ್ನು ದಿಕ್ಕುಗೆಡಿಸುತ್ತಿತ್ತು. ಆ ಜಾಗಕ್ಕೆ ನೀರು ಬಂತು, ದಾರಿ ಸಲೀಸಾಯಿತು. ಹೊಟ್ಟೆಯ ಮೇಲೆ ಹಚ್ಚುವ ತಣ್ಣನೆಯ ಜೆಲ್ ಧ್ವನಿಗೆ ಇದೇ ಉಪಕಾರ ಮಾಡುತ್ತದೆ.

ಕಾರಣ ಹೀಗಿದೆ. ಪ್ರತಿ ವಸ್ತುವೂ ಧ್ವನಿಗೆ ಒಂದಷ್ಟು ಅಡ್ಡಿ ಒಡ್ಡುತ್ತದೆ. ವಸ್ತುವಿನ ಸಾಂದ್ರತೆಯನ್ನು ಅದರೊಳಗಿನ ಧ್ವನಿಯ ವೇಗದಿಂದ ಗುಣಿಸಿದರೆ ಆ ಅಡ್ಡಿ ಸಿಗುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಇಂಪೀಡೆನ್ಸ್ ಎನ್ನುತ್ತಾರೆ. ಎರಡು ವಸ್ತುಗಳು ಸೇರುವ ಗಡಿಯಲ್ಲಿ ಈ ಅಡ್ಡಿ ಎಷ್ಟು ಬದಲಾಗುತ್ತದೋ ಅದರ ಮೇಲೆ ಮಾರ್ದನಿ ಹುಟ್ಟುತ್ತದೆ. ಬದಲಾವಣೆ ಇಲ್ಲದಿದ್ದರೆ ಮಾರ್ದನಿ ಇಲ್ಲ. ಕೊಬ್ಬು ಮತ್ತು ಸ್ನಾಯು ಸೇರುವಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಹಿಂದಿರುಗುತ್ತದೆ, 99 ಪಾಲು ಮುಂದೆ ಹೋಗುತ್ತದೆ. ಇದು ಹದವಾದ ಸ್ಥಿತಿ. ಗಡಿಯೂ ಕಾಣುತ್ತದೆ, ಅದರ ಹಿಂದಿನದೂ ಕಾಣುತ್ತದೆ. ಮಾಂಸ ಮತ್ತು ಮೂಳೆ ಸೇರುವಲ್ಲಿ ಸುಮಾರು 40 ಪಾಲು ವಾಪಸ್. ಉಳಿದದ್ದನ್ನೂ ಮೂಳೆಯೇ ಬೇಗ ಹೀರುತ್ತದೆ.

ಮಾಂಸ ಮತ್ತು ಗಾಳಿ ಸೇರುವಲ್ಲಿ? ನೂರಕ್ಕೆ 99.9 ಪಾಲು ವಾಪಸ್. ಧ್ವನಿಗೆ ಗಾಳಿ ಅಂದರೆ ಮುಚ್ಚಿದ ಬಾಗಿಲು. ಪ್ರೋಬ್ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಧ್ವನಿ ಮೈಯೊಳಗೆ ಇಳಿಯುವುದಿಲ್ಲ. ಅದಕ್ಕೆ ಜೆಲ್. ಕರುಳಿನಲ್ಲಿ ಗ್ಯಾಸ್ ತುಂಬಿದ್ದರೆ ಅದರ ಹಿಂದೆ ಏನಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಮೇದೋಜ್ಜೀರಕ ಗ್ರಂಥಿ ಹೊಟ್ಟೆಯ ಹಿಂದೆಯೇ ಕೂತಿರುವುದರಿಂದ ಅದು ಬಹಳ ಸಲ ಮರೆಯಾಗುತ್ತದೆ. ರಿಪೋರ್ಟಿನಲ್ಲಿ "ಗ್ಯಾಸ್‌ನಿಂದ ಮರೆಯಾಗಿದೆ" ಎಂದು ಬರೆದಿದ್ದರೆ ಅದು ಕಾಯಿಲೆಯಲ್ಲ.

ಪಿತ್ತಕೋಶದ ಕಥೆ ಬೇರೆ. ಊಟದ ಕೊಬ್ಬು ಕರುಳಿಗೆ ಇಳಿಯುತ್ತಿದ್ದ ಹಾಗೆ ಅದು ಕುಗ್ಗಿ ಪಿತ್ತರಸ ಹೊರಹಾಕುತ್ತದೆ. ಖಾಲಿ ಚೀಲದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡರೆ ಒಳಗಿನ ಕಲ್ಲು ಹುಡುಕುವುದು ಕಷ್ಟ. ಹಸಿದಿದ್ದರೆ ಪಿತ್ತರಸ ತುಂಬಿ ಅದು ಉಬ್ಬಿರುತ್ತದೆ. ಎಕ್ಸರೇಗೆ ಗಾಳಿ ಅಡ್ಡಿಯೇ ಅಲ್ಲ, ಅದು ಬೆಳಕಿನ ಜಾತಿಯ ಅಲೆ, ಗಾಳಿಯನ್ನು ಸುಲಭವಾಗಿ ದಾಟುತ್ತದೆ. ಅಮ್ಮನ ಕೈ ಮುರಿದಾಗ ಯಾರೂ ತಿಂಡಿ ವಿಚಾರಿಸದಿದ್ದದ್ದು ಇದಕ್ಕೇ.

ಮಾಡಬೇಕಾದದ್ದು ಇಷ್ಟು. ಮೇಲ್ಹೊಟ್ಟೆಯ ಸ್ಕ್ಯಾನಿಂಗ್ ಇದ್ದರೆ ಆರರಿಂದ ಎಂಟು ಗಂಟೆ ಏನೂ ತಿನ್ನಬೇಡಿ, ಬೆಳಗಿನ ಹೊತ್ತಿನ ಟೈಮ್ ಕೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಉಪವಾಸ ಹೇಗೆ ಮಾಡಬೇಕು ಎಂದು ಡಾಕ್ಟರನ್ನು ಮೊದಲೇ ಕೇಳಿ. ಕೆಳಹೊಟ್ಟೆಯದ್ದಾದರೆ ನಾಲ್ಕೈದು ಲೋಟ ನೀರು ಕುಡಿದು, ಮೂತ್ರ ಕಟ್ಟಿಕೊಂಡು ಬರಲು ಹೇಳುತ್ತಾರೆ. ತುಂಬಿದ ಮೂತ್ರಕೋಶ ಗ್ಯಾಸ್ ತುಂಬಿದ ಕರುಳನ್ನು ಪಕ್ಕಕ್ಕೆ ತಳ್ಳಿ, ಗರ್ಭಕೋಶಕ್ಕೆ ನೀರಿನ ಕಿಟಕಿ ತೆರೆದುಕೊಡುತ್ತದೆ. ಟೈಮ್ ಕೊಡುವವರು ಹೇಳದಿದ್ದರೆ ನೀವೇ ಕೇಳಿ: "ಖಾಲಿ ಹೊಟ್ಟೆಯಾ? ನೀರು ಕುಡಿದು ಬರಬೇಕಾ?"

ಹೆಜ್ಜೆ 6: ಗ್ಯಾಸ್ ಲೈಟರ್ ಒತ್ತಿ

ಒಲೆ ಹಚ್ಚುವ ಲೈಟರನ್ನು ಟಕ್ ಎಂದು ಒತ್ತಿ. ಬ್ಯಾಟರಿ ಇಲ್ಲದೆಯೇ ಕಿಡಿ. ಒಳಗಿನ ಹರಳಿಗೆ ಸುತ್ತಿಗೆಯ ಪೆಟ್ಟು ಬಿದ್ದು ಕರೆಂಟು ಹುಟ್ಟುತ್ತದೆ. ಒತ್ತಿದರೆ ಕರೆಂಟು ಕೊಡುವ ಈ ಗುಣವನ್ನು 1880ರಲ್ಲಿ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಅಣ್ಣತಮ್ಮಂದಿರು ಕಂಡುಹಿಡಿದರು. ತಿರುವಿದರೂ ನಡೆಯುತ್ತದೆ. ಕರೆಂಟು ಕೊಟ್ಟರೆ ಹರಳು ಹಿಗ್ಗಿ ಕುಗ್ಗಿ ಅದುರುತ್ತದೆ.

ಪ್ರೋಬ್‌ನ ಮೂತಿಯಲ್ಲಿ ಇಂಥ ನೂರಕ್ಕೂ ಹೆಚ್ಚು ಸಣ್ಣ ತುಣುಕುಗಳು ಸಾಲಾಗಿರುತ್ತವೆ. ಕರೆಂಟಿನ ಮಿಡಿತ ಕೊಟ್ಟಾಗ ಬಾಯಿ, ಮಾರ್ದನಿ ಬಂದು ಬಡಿದಾಗ ಕಿವಿ. ಒಂದು ಸಲಕ್ಕೆ ಎರಡು ಮೂರು ಅಲೆಯಷ್ಟೇ ಕಳಿಸಿ ಬಾಯಿ ಮುಚ್ಚುತ್ತವೆ. ಮಾತು ಉದ್ದವಾದರೆ ಒಂದರ ಹಿಂದೆ ಒಂದಿರುವ ಎರಡು ಚಿಕ್ಕ ವಸ್ತುಗಳ ಮಾರ್ದನಿ ಕಲಸಿಹೋಗುತ್ತದೆ. ಕಳಿಸಿದ ಧ್ವನಿಯ ತುಣುಕಿನ ಅರ್ಧ ಉದ್ದಕ್ಕಿಂತ ಹತ್ತಿರ ಇರುವ ಎರಡು ಗಡಿಗಳು ಒಂದಾಗಿ ಕಾಣುತ್ತವೆ. 3.5 ಮೆಗಾಹರ್ಟ್ಸ್‌ನ ಮೂರು ಅಲೆಗೆ ಲೆಕ್ಕ ಹಾಕಿದರೆ ಅದು ಸುಮಾರು 0.66 ಮಿಲಿಮೀಟರ್.

ಪ್ರೋಬ್ ಕೈಜಾರಿ ಬಿದ್ದರೆ ಆ ಸೂಕ್ಷ್ಮ ಹರಳುಗಳು ಒಡೆಯುತ್ತವೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದಾಗ ದಯವಿಟ್ಟು ವೈರಿನಿಂದ ದೂರ ಕೂರಿಸಿ.

ಹೆಜ್ಜೆ 7: 13 ಎಂಬ ಸಂಖ್ಯೆ ನೆನಪಿಡಿ

1 ಸೆಂಟಿಮೀಟರ್ ಆಳಕ್ಕೆ ಹೋಗಿ ಬರುವುದು 2 ಸೆಂಟಿಮೀಟರ್. 1540 ಮೀಟರ್ ವೇಗದಲ್ಲಿ ಅದಕ್ಕೆ 13 ಮೈಕ್ರೋಸೆಕೆಂಡ್ ಬೇಕು. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. 26ಕ್ಕೆ ಮಾರ್ದನಿ ಬಂದರೆ 2 ಸೆಂಟಿಮೀಟರ್ ಆಳದಲ್ಲಿ ಚುಕ್ಕೆ ಇಡು. 130ಕ್ಕೆ ಬಂದರೆ 10ರಲ್ಲಿ ಇಡು. ಮಾರ್ದನಿ ಜೋರಾಗಿದ್ದರೆ ಚುಕ್ಕೆ ಬೆಳ್ಳಗೆ, ಕ್ಷೀಣವಾಗಿದ್ದರೆ ಬೂದು, ಬರದೇ ಇದ್ದರೆ ಕಪ್ಪು. ಮಷೀನಿಗೆ ಕೊಟ್ಟಿರುವ ಅಪ್ಪಣೆ ಇದು.

15 ಸೆಂಟಿಮೀಟರ್ ಆಳ ನೋಡಬೇಕಾದರೆ ಒಂದು ಗೆರೆಗೆ 195 ಮೈಕ್ರೋಸೆಕೆಂಡ್ ಕಾಯಬೇಕು. ಇಂಥ 128 ಗೆರೆಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಚಿತ್ರ. 128ನ್ನು 195ರಿಂದ ಗುಣಿಸಿ. ಸುಮಾರು 25,000 ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ನಲವತ್ತನೇ ಒಂದು ಭಾಗ. ಸೆಕೆಂಡಿಗೆ 40 ಚಿತ್ರ. ಅದಕ್ಕೇ ಮಗುವಿನ ಎದೆಬಡಿತ ಸಿನಿಮಾದ ಹಾಗೆ ನಮ್ಮ ಕಣ್ಣೆದುರೇ ನಡೆಯುತ್ತದೆ. ನನಗೆ ಈ ಲೆಕ್ಕ ಪ್ರತಿ ಸಲವೂ ಖುಷಿ ಕೊಡುತ್ತದೆ. ಧ್ವನಿಯ ವೇಗ ಇದಕ್ಕಿಂತ ಹತ್ತು ಪಟ್ಟು ಕಡಿಮೆ ಇದ್ದಿದ್ದರೆ ಹೃದಯದ ಕವಾಟ ತೆರೆದು ಮುಚ್ಚುವುದನ್ನು ಈ ರೀತಿ ನೋಡಲು ಆಗುತ್ತಿರಲಿಲ್ಲ.

ಹೆಜ್ಜೆ 8: ಮಷೀನಿನ ನಂಬಿಕೆಗಳು ಎಲ್ಲಿ ತಪ್ಪುತ್ತವೆ

ಮಷೀನು ನಾಲ್ಕು ವಿಷಯ ನಂಬಿ ಕೂತಿದೆ. ಧ್ವನಿ ನೇರವಾಗಿ ಹೋಗುತ್ತದೆ. ಒಂದೇ ಸಲ ಬಡಿದು ವಾಪಸ್ ಬರುತ್ತದೆ. ಎಲ್ಲೆಡೆ 1540 ಮೀಟರ್ ವೇಗ. ಎಲ್ಲೆಡೆ ಒಂದೇ ರೀತಿ ಸೋಲುತ್ತದೆ. ಈ ನಂಬಿಕೆ ತಪ್ಪಿದಲ್ಲಿ ಚಿತ್ರದಲ್ಲಿ ವಿಚಿತ್ರ ಗುರುತು ಬೀಳುತ್ತದೆ. ಅನುಭವವಿರುವ ಡಾಕ್ಟರಿಗೆ ಆ ಗುರುತೇ ಸುಳಿವು.

ಪಿತ್ತಕೋಶದಲ್ಲಿ ಕಲ್ಲಿದೆ ಎಂದುಕೊಳ್ಳಿ. ಕಲ್ಲಿನ ಮುಂಭಾಗದಿಂದ ಜೋರಾದ ಮಾರ್ದನಿ ಬರುತ್ತದೆ, ಬಿಳಿ ಕಮಾನು ಕಾಣುತ್ತದೆ. ಉಳಿದದ್ದನ್ನು ಕಲ್ಲು ಹೀರುತ್ತದೆ. ಅದರ ಹಿಂದಕ್ಕೆ ಧ್ವನಿಯೇ ತಲುಪುವುದಿಲ್ಲ. ಹಾಗಾಗಿ ಕಲ್ಲಿನಿಂದ ಕೆಳಕ್ಕೆ ಉದ್ದನೆಯ ಕಪ್ಪು ಪಟ್ಟಿ. ಬಿಸಿಲಲ್ಲಿ ಕಂಬದ ನೆರಳು ಬಿದ್ದ ಹಾಗೆ. ಇದನ್ನು ಅಕೌಸ್ಟಿಕ್ ಶ್ಯಾಡೋ ಅನ್ನುತ್ತಾರೆ. ಪಿತ್ತಕೋಶದ ಗೋಡೆಗೆ ಅಂಟಿದ ಮಾಂಸದ ಸಣ್ಣ ಗಂಟಿಗೆ ಸಾಮಾನ್ಯವಾಗಿ ಈ ನೆರಳು ಇರುವುದಿಲ್ಲ, ಮಗ್ಗುಲು ತಿರುಗಿದರೆ ಜಾಗವನ್ನೂ ಬಿಡುವುದಿಲ್ಲ. ಡಾಕ್ಟರು "ಎಡಗಡೆಗೆ ತಿರುಗಿ ಮಲಗಿ" ಎನ್ನುವುದರ ಹಿಂದೆ ಇದೂ ಒಂದು ಕಾರಣ. ಕಲ್ಲು ಉರುಳುತ್ತದಾ ಎಂದು ನೋಡುತ್ತಾರೆ.

ನೀರುಗುಳ್ಳೆ ಇದಕ್ಕೆ ಉಲ್ಟಾ. ಒಳಗೆ ಬರೀ ನೀರು, ಮಾರ್ದನಿ ಹುಟ್ಟಲು ಗಡಿಯೇ ಇಲ್ಲ, ಆದ್ದರಿಂದ ಅಚ್ಚ ಕಪ್ಪು. ಆದರೆ ಅದರ ಹಿಂದೆ ಸುತ್ತಲಿಗಿಂತ ಬೆಳ್ಳಗೆ ಕಾಣುತ್ತದೆ. ಯಾಕೆ? ನೀರಿನಲ್ಲಿ ಧ್ವನಿ ಸೋಲುವುದೇ ಇಲ್ಲ ಅನ್ನಬಹುದು. ಆದರೆ ಟಿಜಿಸಿಗೆ ಅದು ಗೊತ್ತಿಲ್ಲ. ಇಷ್ಟು ಆಳಕ್ಕೆ ಇಷ್ಟು ಸೋತಿರಬೇಕು ಎಂದುಕೊಂಡು ಅದು ಹಿಗ್ಗಿಸಿಬಿಡುತ್ತದೆ. ಸೋಲದ ಧ್ವನಿಯನ್ನು ಹಿಗ್ಗಿಸಿದರೆ ಬೆಳಗುತ್ತದೆ. ಕಪ್ಪು ಗುಂಡು, ಹಿಂದೆ ಬಿಳಿ ಹೊಳಪು: ಒಳಗೆ ನೀರಿದೆ ಎಂಬುದಕ್ಕೆ ದೊಡ್ಡ ಸುಳಿವು.

ಕಟಿಂಗ್ ಶಾಪಿನಲ್ಲಿ ಮುಂದೆ ಹಿಂದೆ ಕನ್ನಡಿ ಇದ್ದಾಗ ನಮ್ಮ ಮುಖಗಳ ಸಾಲೇ ಕಾಣುತ್ತದಲ್ಲ, ಹಾಗೆ ಎರಡು ಗಡಿಗಳ ನಡುವೆ ಧ್ವನಿ ಹೋಗಿ ಬಂದು ಮಾಡಿದರೆ ಸಮ ಅಂತರದಲ್ಲಿ ಬಿಳಿ ಗೆರೆಗಳು ಬೀಳುತ್ತವೆ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಕನ್ನಡಿಯ ಹಾಗೆ ವರ್ತಿಸಿ, ಲಿವರಿನಲ್ಲಿರುವ ಗುರುತನ್ನು ಎದೆಯ ಕಡೆಗೂ ತೋರಿಸುವುದುಂಟು. ಇನ್ನು ವೇಗದ ತಪ್ಪು ಚಿಕ್ಕದು. 1 ಸೆಂಟಿಮೀಟರ್ ಕೊಬ್ಬನ್ನು ಮಷೀನು 1.06 ಎಂದು ಬರೆಯುತ್ತದೆ.

ಹೆಜ್ಜೆ 9: ಬಣ್ಣದ ಸ್ಕ್ಯಾನಿಂಗ್

ರೈಲ್ವೆ ಗೇಟಿನ ಹತ್ತಿರ ನಿಂತು ಹಾರ್ನ್ ಹಾಕಿಕೊಂಡು ಬರುವ ರೈಲನ್ನು ಕೇಳಿ. ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿದ ಕ್ಷಣ ಇಳಿಯುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು ಇದೇ ತತ್ವ. 1845ರಲ್ಲಿ ಹಾಲೆಂಡಿನ ಬಾಯ್ಸ್ ಬ್ಯಾಲಟ್ ರೈಲಿನ ಮೇಲೆ ತುತ್ತೂರಿ ಊದುವವರನ್ನು ನಿಲ್ಲಿಸಿ ಇದನ್ನು ಪರೀಕ್ಷೆ ಮಾಡಿದರು.

ರಕ್ತಕಣಗಳಿಂದ ಬರುವ ಮಾರ್ದನಿಗೂ ಹೀಗೆ ಆಗುತ್ತದೆ. 5 ಮೆಗಾಹರ್ಟ್ಸ್ ಧ್ವನಿ, ಸೆಕೆಂಡಿಗೆ 50 ಸೆಂಟಿಮೀಟರ್ ಹರಿಯುವ ರಕ್ತ, ನಡುವೆ 60 ಡಿಗ್ರಿ ಕೋನ ಎಂದುಕೊಂಡರೆ ವ್ಯತ್ಯಾಸ ಸುಮಾರು 1600 ಹರ್ಟ್ಸ್. ನೋಡಿ, ಇದು ನಮ್ಮ ಕಿವಿಗೆ ಕೇಳುವ ಸ್ವರ! ಡಾಪ್ಲರ್ ಹಾಕಿದಾಗ ರೂಮಿನಲ್ಲಿ ಬರುವ ಷೂ ಷೂ ಸದ್ದು ಮಷೀನು ಆ ವ್ಯತ್ಯಾಸವನ್ನೇ ಸ್ಪೀಕರಿಗೆ ಕೊಟ್ಟದ್ದು.

ಬಣ್ಣದ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ಕೆಂಪು ಅಂದರೆ ಒಳ್ಳೆ ರಕ್ತ, ನೀಲಿ ಅಂದರೆ ಕೆಟ್ಟ ರಕ್ತ ಅಲ್ಲ. ಸಾಮಾನ್ಯವಾಗಿ ಪ್ರೋಬ್ ಕಡೆಗೆ ಬರುವುದಕ್ಕೆ ಕೆಂಪು, ದೂರ ಹೋಗುವುದಕ್ಕೆ ನೀಲಿ. ಪ್ರೋಬ್ ತಿರುಗಿಸಿದರೆ ಬಣ್ಣವೂ ಬದಲಾಗುತ್ತದೆ. ಧ್ವನಿ ರಕ್ತನಾಳಕ್ಕೆ ನೇರ ಅಡ್ಡಲಾಗಿ ಬಿದ್ದರೆ ರಕ್ತ ಹರಿಯುತ್ತಿದ್ದರೂ ಬಣ್ಣ ಬರದೇ ಇರಬಹುದು.

ಹೆಜ್ಜೆ 10: ಹೆದರಿಕೆ ಮತ್ತು ಕಾನೂನು

ಇದರಲ್ಲಿ ಎಕ್ಸರೇ ವಿಕಿರಣ ಇಲ್ಲ. ಆದರೆ ಧ್ವನಿಯೂ ಶಕ್ತಿಯೇ, ಸ್ವಲ್ಪ ಬಿಸಿ ಮಾಡುತ್ತದೆ. ಪರದೆಯ ಅಂಚಿನಲ್ಲಿ ಟಿಐ, ಎಂಐ ಎಂಬ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಬಿಸಿಯ ಅಂದಾಜು, ಎರಡನೆಯದು ಅಲುಗಾಟದಿಂದ ಆಗಬಹುದಾದ ತೊಂದರೆಯ ಅಂದಾಜು. ಬೇಕಾದ ಮಾಹಿತಿಗೆ ಎಷ್ಟು ಬೇಕೋ ಅಷ್ಟೇ ಹೊತ್ತು, ಅಷ್ಟೇ ಶಕ್ತಿ ಎಂಬುದು ಜಗತ್ತಿನೆಲ್ಲೆಡೆ ಒಪ್ಪಿರುವ ನಿಯಮ. ಗರ್ಭದ ಮೊದಲ ತಿಂಗಳುಗಳಲ್ಲಿ ಡಾಪ್ಲರನ್ನು ಸುಮ್ನೆ ಬಳಸುವುದಿಲ್ಲ.

ನಮ್ಮ ಜಿಲ್ಲೆಯವನಾಗಿ ಇನ್ನೊಂದು ಮಾತು ಹೇಳಲೇಬೇಕು. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಮಷೀನು ಇಟ್ಟು ಭ್ರೂಣ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಕಾಯಿಸುವ ಜಾಗ ಅದು. ಆ ಸುದ್ದಿ ಓದಿದ ದಿನ ನನಗೆ ಪಾಠ ಮಾಡಲು ಆಗಲಿಲ್ಲ. ನನ್ನ ತರಗತಿಯ ಮುಂದಿನ ಬೆಂಚುಗಳಲ್ಲಿ ಕೂರುವವರು ಹೆಣ್ಣುಮಕ್ಕಳೇ. 1994ರ ಕಾಯ್ದೆಯ ಪ್ರಕಾರ ಲಿಂಗ ಪತ್ತೆ ಮಾಡುವುದೂ ಅಪರಾಧ, ಮಾಡಿಸುವುದೂ ಅಪರಾಧ. ಸ್ಕ್ಯಾನಿಂಗ್ ನಡೆಯಬೇಕಾದದ್ದು ನೋಂದಣಿ ಆಗಿರುವ ಸೆಂಟರಿನಲ್ಲಿ, ಅರ್ಹತೆ ಇರುವ ಡಾಕ್ಟರ ಕೈಯಲ್ಲಿ. ಗರ್ಭಿಣಿಗೆ ಸ್ಕ್ಯಾನಿಂಗ್ ಮಾಡುವ ಮುನ್ನ ಫಾರಂ ತುಂಬಿಸಿ ಸಹಿ ಪಡೆಯುತ್ತಾರೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಹೆಜ್ಜೆ 11: ಈಗ ಫಿಲಂ ತೆಗೆಯಿರಿ

ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೇಲ್ಭಾಗ ಚರ್ಮ, ಕೆಳಕ್ಕೆ ಹೋದಷ್ಟೂ ಆಳ. ಪಕ್ಕದಲ್ಲಿ ಅಳತೆಪಟ್ಟಿಯ ಹಾಗೆ ಚುಕ್ಕೆಗಳಿರುತ್ತವೆ, ಸಾಮಾನ್ಯವಾಗಿ ದೊಡ್ಡ ಗುರುತು ಸೆಂಟಿಮೀಟರಿಗೆ ಅಥವಾ ಐದು ಸೆಂಟಿಮೀಟರಿಗೆ ಒಂದು. ಅಂಚಿನಲ್ಲಿ ಮೆಗಾಹರ್ಟ್ಸ್ ಹುಡುಕಿ, ಅಲೆಯ ಉದ್ದ ಲೆಕ್ಕ ಹಾಕಿ. ಎಫ್ಆರ್ ಎಂದಿದ್ದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂದು. ಅಚ್ಚ ಕಪ್ಪು ಎಲ್ಲಿದೆ? ನೀರಾ, ನೆರಳಾ? ಕಪ್ಪಿನ ಮೇಲ್ತುದಿಯಲ್ಲಿ ಬಿಳಿ ಕಮಾನಿದ್ದರೆ ನೆರಳಿರಬಹುದು. ಕೆಳಗೆ ಹೊಳಪಿದ್ದರೆ ನೀರಿರಬಹುದು. ಊಹೆಯನ್ನು ರಿಪೋರ್ಟಿನ ಜೊತೆ ಹೋಲಿಸಿ. ಹೊಂದದಿದ್ದರೆ ರಿಪೋರ್ಟ್ ನಂಬಿ. ಫಿಲಂನಲ್ಲಿರುವುದು ನಿಂತ ಚಿತ್ರ, ಡಾಕ್ಟರು ನೋಡಿದ್ದು ಚಲಿಸುವ ಚಿತ್ರ.

ಮಾರನೆಯ ದಿನ ಅಮ್ಮ ಖಾಲಿ ಹೊಟ್ಟೆಯಲ್ಲಿ ಬಂದರು. ಪಿತ್ತಕೋಶ ತುಂಬಿಕೊಂಡಿತ್ತು. ಮನೆಗೆ ಬಂದು ಫಿಲಂ ಅನ್ನು ಅಡುಗೆಮನೆಯ ಕಿಟಕಿಗೆ ಹಿಡಿದೆವು. ಕಪ್ಪು ಚೀಲದ ತಳದಲ್ಲಿ ಬಿಳಿ ಕಮಾನು, ಒಂಬತ್ತು ಮಿಲಿಮೀಟರ್. ಪಕ್ಕದ ಚುಕ್ಕೆಗಳನ್ನು ಎಣಿಸಿದರೆ ಚರ್ಮದಿಂದ 7 ಸೆಂಟಿಮೀಟರ್ ಆಳ. ಏಳು ಹದಿಮೂರಲಿ ತೊಂಬತ್ತೊಂದು. ಕಲ್ಲಿನ ಸುದ್ದಿ ಹೊತ್ತು ಬಂದ ಮಾರ್ದನಿ ತೆಗೆದುಕೊಂಡದ್ದು 91 ಮೈಕ್ರೋಸೆಕೆಂಡ್. ಅಮ್ಮ ಕಲ್ಲಿನಿಂದ ಕೆಳಕ್ಕೆ ಇಳಿದಿದ್ದ ಕಪ್ಪು ಪಟ್ಟಿಯನ್ನು ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿದರು.

"ಇಲ್ಲಿಗೆ ದನಿ ಹೋಗಿಲ್ಲ" ಅಂದರು.